‘ಡಯಲ್ ಇಟ್ ಬ್ಯಾಕ್’ ಎಂದರೆ ಮತ್ತೆ ಫೋನ್ ಮಾಡಿ ಎಂದಲ್ಲ

ಪ್ರಶ್ನೆ: ನಮ್ಮ ಸಂಸ್ಥೆಯ ಮುಖ್ಯಸ್ಥರು ಅಮೆರಿಕದವರು. ಗ್ರಾಹಕರಿಗೆ ಕಳುಹಿಸಬೇಕಾದ ಪ್ರಸ್ತಾವವೊಂದನ್ನು ನಾನು ಬರೆದುಕೊಟ್ಟಿದ್ದೆ. ವಿಡಿಯೊ ಸಭೆಯಲ್ಲಿ ಅವರು ನನ್ನ ಉತ್ಸಾಹವನ್ನು ಮೆಚ್ಚಿ ಎರಡು ಮಾತಾಡಿ, ಕೊನೆಗೆ ‘ಲೆಟ್ಸ್ ಡಯಲ್ ಇಟ್ ಬ್ಯಾಕ್ ಎ ಲಿಟ್ಲ್’ ಎಂದರು. ಆಮೇಲೆ ಫೋನ್ ಮಾಡಿ ಮಾತಾಡೋಣ ಎಂದಿರಬೇಕೆಂದುಕೊಂಡು ಸಂಜೆಯವರೆಗೆ ಕರೆಗಾಗಿ ಕಾದೆ. ಕರೆ ಬರಲಿಲ್ಲ. ಮರುದಿನ ಸಹೋದ್ಯೋಗಿಯೊಬ್ಬರು ನಕ್ಕು, ಅದು ‘ಟೇಕ್ ಇಟ್ ಡೌನ್ ಎ ನಾಚ್’ ಎಂಬ ಹಾಗೆ ಎಂದರು. ಅದೂ ಪೂರ್ತಿ ತಲೆಗೆ ಹೋಗಲಿಲ್ಲ. ಇದು ಬೈಗುಳವೇ, ಸಲಹೆಯೇ? ಈ ಎರಡು ಮಾತು ಒಂದೇ ಏನು? ನಾನೂ ಇದನ್ನು ಬಳಸಬಹುದೇ? ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತೇವೆ?

ಉತ್ತರ: ಬೈಗುಳವಲ್ಲ. ಮೊದಲು ಆ ಚಿಂತೆ ಬಿಡಿ. ಮುಖ್ಯಸ್ಥರು ಹೇಳಿದ್ದು ಇಷ್ಟೇ: ಬರೆದದ್ದು ಚೆನ್ನಾಗಿದೆ, ಆದರೆ ಅದರ ಭರಾಟೆ ಒಂದಿಷ್ಟು ಹೆಚ್ಚಾಯಿತು, ಇಳಿಸೋಣ.

ಕರೆಗಾಗಿ ಕಾದದ್ದಕ್ಕೆ ನಾಚಿಕೆಪಟ್ಟುಕೊಳ್ಳಬೇಕಾಗಿಯೂ ಇಲ್ಲ. ಕನ್ನಡಕ್ಕೆ ‘ಡಯಲ್’ ಎಂಬ ಪದ ಬಂದದ್ದೇ ಫೋನಿನ ಜೊತೆಗೆ. ‘ಡಯಲ್ ಮಾಡು’ ಎಂದರೆ ನಮಗೆ ನಂಬರ್ ಒತ್ತು ಎಂದೇ ಅರ್ಥ. ಅದಕ್ಕೆ ‘ಬ್ಯಾಕ್’ ಸೇರಿದರೆ ‘ತಿರುಗಿ ಕರೆ ಮಾಡು’ ಎಂದುಕೊಳ್ಳುವುದು ತೀರಾ ಸಹಜ. ಇಂಗ್ಲಿಷಿನಲ್ಲೂ ಆ ಅರ್ಥ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಕಂಪ್ಯೂಟರುಗಳು ಟೆಲಿಫೋನ್ ತಂತಿಯ ಮೂಲಕ ಮಾತಾಡಿಕೊಳ್ಳುತ್ತಿದ್ದ ಮೋಡೆಮ್ ಕಾಲದಲ್ಲಿ ‘ಡಯಲ್ ಬ್ಯಾಕ್’ ಎಂಬ ಕಾವಲು ವ್ಯವಸ್ಥೆ ಇತ್ತು. ಯಾರಾದರೂ ಸಂಪರ್ಕ ಕೇಳಿದರೆ ಯಂತ್ರ ಆ ಕರೆಯನ್ನು ಕಡಿದು, ತನ್ನ ಪಟ್ಟಿಯಲ್ಲಿದ್ದ ನಂಬರಿಗೆ ತಾನೇ ಕರೆ ಮಾಡುತ್ತಿತ್ತು; ಹೊರಗಿನವರು ನುಸುಳದಿರಲಿ ಎಂದು. ನಡುವೆ ‘ಇಟ್’ ಬಂತೆಂದರೆ ಮಾತ್ರ ಫೋನಿನ ಅರ್ಥವನ್ನು ಪಕ್ಕಕ್ಕಿಡಿ. ಫೋನ್ ಮಾಡೆನ್ನಬೇಕಾದರೆ ಅವರು ‘ಮಿ’ ಎನ್ನುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ‘ಕಾಲ್’ ಎಂದೇ ಹೇಳುತ್ತಿದ್ದರು.

ಡಯಲ್ ಪದದ ಹುಟ್ಟಿಗೂ ಫೋನಿಗೂ ಸಂಬಂಧವಿಲ್ಲ. ಲ್ಯಾಟಿನ್ನಿನಲ್ಲಿ ಹಗಲಿಗೆ ‘ದಿಯೆಸ್’ ಎನ್ನುತ್ತಾರೆ. ಅದು ನಮ್ಮ ದಿವಸ, ದಿವಾಕರಗಳ ದೂರದ ನೆಂಟ. (ನೋಡಲು ಒಡಹುಟ್ಟಿದ ಹಾಗಿರುವ ಇಂಗ್ಲಿಷಿನ ‘ಡೇ’ ಈ ಬಳಗದ್ದೇ ಅಲ್ಲ, ಅದರ ಬೇರು ಬೇರೆ.) ಹಗಲನ್ನು ಅಳೆಯುವ ನೆರಳು ಗಡಿಯಾರ, ಆಮೇಲೆ ಗಡಿಯಾರದ ಮುಖ, ಆಮೇಲೆ ಗೆರೆಯೆಳೆದು ಅಂಕಿ ಬರೆದ ಯಾವ ಅಳತೆಯ ಬಿಲ್ಲೆಯಾದರೂ ಡಯಲ್ ಅನ್ನಿಸಿಕೊಂಡಿತು. ರೇಡಿಯೊ ಬಂದಾಗ ನಿಲ್ದಾಣ ತೋರಿಸುವ ಪಟ್ಟಿಗೂ ಅದನ್ನು ಹಿಡಿಯಲು ತಿರುಗಿಸುವ ಗುಂಡಿಗೂ ಅದೇ ಹೆಸರು ನಿಂತಿತು. ಬೆರಳು ತೂರಿಸಿ ತಿರುಗಿಸುವ ಫೋನಿನ ಚಕ್ರ ಈ ಸಾಲಿನಲ್ಲಿ ತಡವಾಗಿ ಬಂದ ಅತಿಥಿ. ಆ ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಬಿಟ್ಟರೆ ಅದು ಗಿರ್ರೆಂದು ತಾನಾಗಿ ಹಿಂದಕ್ಕೆ ಬರುತ್ತಿತ್ತಲ್ಲ, ದೂರವಾಣಿ ವಿನಿಮಯ ಕೇಂದ್ರಕ್ಕೆ ಅಂಕಿ ತಲುಪುತ್ತಿದ್ದದ್ದು ಹಾಗೆ ಹಿಂದಕ್ಕೆ ಬರುವಾಗಲೇ. ನಿಮ್ಮ ತಪ್ಪು ಊಹೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆಯನ್ನು ನಾನು ಒದಗಿಸಲಾರೆ. ಆದರೆ ನುಡಿಗಟ್ಟಿನ ಚಿತ್ರ ಅದಲ್ಲ. ಕೋಣೆಯಲ್ಲಿ ಹಾಡು ಜೋರಾಗಿದೆ, ಯಾರೋ ಎದ್ದು ಹೋಗಿ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುತ್ತಾರೆ: ಚಿತ್ರ ಅದು.

ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿ. ಅದು ಹಾಡನ್ನು ನಿಲ್ಲಿಸಲಿಲ್ಲ. ಬೇರೆ ಹಾಡನ್ನೂ ಹಾಕಲಿಲ್ಲ. ಹಾಡಿದವರನ್ನು ದೂರಲಿಲ್ಲ. ಅದೇ ಹಾಡು, ಅದೇ ಜಾಗದಿಂದ, ಕಡಿಮೆ ಸದ್ದಿನಲ್ಲಿ ಮುಂದುವರಿಯಿತು. ಈ ನುಡಿಗಟ್ಟಿನ ಅರ್ಥವೆಲ್ಲ ಇಲ್ಲಿದೆ. ಮಾಡುತ್ತಿರುವುದು ತಪ್ಪು ಎಂದು ಅದು ಹೇಳುವುದಿಲ್ಲ, ಅಳತೆ ಮೀರಿದೆ ಎಂದು ಹೇಳುತ್ತದೆ. ‘ಬ್ಯಾಕ್’ ಎಂಬ ಪದದಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ. ಸರಿಯಾದ ಜಾಗವೊಂದಿತ್ತು, ನೀವು ಅದನ್ನು ದಾಟಿ ಮುಂದೆ ಹೋಗಿದ್ದೀರಿ, ಅಲ್ಲಿಗೆ ಮರಳೋಣ ಎಂಬ ಭಾವ ಅದು. ‘ಡಯಲ್ ಇಟ್ ಡೌನ್’ ಎಂದೂ ಹೇಳುತ್ತಾರೆ. ಬಳಕೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೂ ‘ಡೌನ್’ ಎಂದಾಗ ಬರೀ ಇಳಿತ, ‘ಬ್ಯಾಕ್’ ಎಂದಾಗ ಮೊದಲಿದ್ದ ಹದಕ್ಕೆ ಮರಳುವುದು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಅದು ಡಯಲ್‌ನಲ್ಲಿಲ್ಲ, ‘ಇಟ್’ನಲ್ಲಿದೆ. ಇಂಗ್ಲಿಷಿನ ಈ ಪುಟ್ಟ ಸರ್ವನಾಮ ಏನನ್ನು ಬೇಕಾದರೂ ನುಂಗಿಕೊಂಡು ಸುಮ್ಮನಿರಬಲ್ಲದು. ದನಿ, ಸಿಟ್ಟು, ಖರ್ಚು, ಬಣ್ಣ, ವ್ಯಾಯಾಮ, ತಮಾಷೆ, ಬಡಾಯಿ, ಎಲ್ಲವೂ ‘ಇಟ್’. ಹೇಳಿದವರಿಗೆ ಅದು ಏನೆಂದು ಗೊತ್ತಿರುತ್ತದೆ, ಕೇಳಿದವರು ಊಹಿಸಿಕೊಳ್ಳಬೇಕು. ‘ಡಯಲ್ ಇಟ್ ಬ್ಯಾಕ್’ ಎಂದು ಕೇಳಿಸಿದೊಡನೆ ‘ಏನನ್ನು?’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ಉತ್ತರ ಸಿಕ್ಕರೆ ಅರ್ಥ ಸಿಕ್ಕಿತು.

ನಿಮ್ಮ ವಿಷಯದಲ್ಲಿ ಉತ್ತರ ಸುಲಭವಾಗಿಯೇ ಸಿಕ್ಕಿತು, ಏಕೆಂದರೆ ಪ್ರಸ್ತಾವದ ಮೊದಲ ಪುಟವನ್ನು ನೀವು ಲಗತ್ತಿಸಿದ್ದೀರಿ. ಅದರ ಮೊದಲ ವಾಕ್ಯ ಕನ್ನಡದಲ್ಲಿ ಹೀಗಾಗುತ್ತದೆ: ‘ನಮ್ಮ ಕ್ರಾಂತಿಕಾರಕ ತಂತ್ರಾಂಶ ನಿಮ್ಮ ಲೆಕ್ಕಪತ್ರ ವಿಭಾಗದ ಎಲ್ಲ ಸಮಸ್ಯೆಗಳನ್ನೂ ಶಾಶ್ವತವಾಗಿ ನಿವಾರಿಸಿ ನಿಮ್ಮ ಉದ್ಯಮದ ಚಹರೆಯನ್ನೇ ಬದಲಾಯಿಸಲಿದೆ!’ ಇದರಲ್ಲಿ ಸುಳ್ಳು ಎಷ್ಟಿದೆಯೋ ನನಗೆ ಬೇಡ. ಸದ್ದು ಎಷ್ಟಿದೆ ನೋಡಿ. ‘ಕ್ರಾಂತಿಕಾರಕ’ ಒಂದು, ‘ಎಲ್ಲ’ ಎರಡು, ‘ಶಾಶ್ವತವಾಗಿ’ ಮೂರು, ‘ಚಹರೆಯನ್ನೇ’ಯ ಆ ‘ಏ’ಕಾರ ನಾಲ್ಕು, ಕೊನೆಯ ಆಶ್ಚರ್ಯಸೂಚಕ ಚಿಹ್ನೆ ಐದು. ಒಂದೇ ವಾಕ್ಯದಲ್ಲಿ ಗುಂಡಿಯನ್ನು ಐದು ಸಲ ಮುಂದಕ್ಕೆ ತಿರುಗಿಸಿದ್ದೀರಿ. ಮುಖ್ಯಸ್ಥರ ‘ಇಟ್’ ಇದೇ. ಹಿಂದಕ್ಕೆ ತಿರುಗಿಸಿದರೆ ಹೀಗಾಗಬಹುದು: ‘ತಿಂಗಳ ಕೊನೆಯಲ್ಲಿ ಲೆಕ್ಕ ಹೊಂದಿಸಲು ನಿಮ್ಮ ಸಿಬ್ಬಂದಿಗೆ ಹಿಡಿಯುವ ಸಮಯವನ್ನು ಈ ತಂತ್ರಾಂಶ ಕಡಿಮೆ ಮಾಡುತ್ತದೆ.’ ಹೇಳಬೇಕಾದ ವಿಷಯ ಬದಲಾಗಲಿಲ್ಲ. ಜೋರು ಇಳಿದ ಮೇಲೆ ವಿಷಯ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತಿದೆ, ಅಷ್ಟೇ.

‘ಎ ಲಿಟ್ಲ್’ ಎಂಬುದನ್ನು ಅಕ್ಷರಶಃ ನಂಬಬೇಡಿ. ‘ಒಂದಿಷ್ಟು’ ಎಂದಿದ್ದಾರಲ್ಲ ಎಂದು ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಮಾತ್ರ ತೆಗೆದು ಕಳುಹಿಸಿದರೆ ಪ್ರಸ್ತಾವ ಮತ್ತೆ ವಾಪಸು ಬರುತ್ತದೆ. ಕಚೇರಿಯ ಇಂಗ್ಲಿಷಿನಲ್ಲಿ ‘ಎ ಲಿಟ್ಲ್’, ‘ಎ ಬಿಟ್’ ಎಂಬವು ಅಳತೆಯ ಪದಗಳಲ್ಲ, ಮರ್ಯಾದೆಯ ಪದಗಳು. ನಾವು ‘ಸ್ವಲ್ಪ ಈ ಕಡೆ ಬನ್ನಿ’ ಎನ್ನುವಾಗ ಎಷ್ಟು ಅಡಿ ಎಂದು ಯಾರೂ ಅಳೆಯುವುದಿಲ್ಲವಲ್ಲ, ಹಾಗೆ. ಕಿವಿಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಸದ್ದು ಅರ್ಧಕ್ಕೆ ಇಳಿಯಿತು ಎಂದು ಕೇಳುವವರಿಗೆ ಅನ್ನಿಸಬೇಕಾದರೆ ಧ್ವನಿಯ ಮಟ್ಟ ಸುಮಾರು 10 ಡೆಸಿಬಲ್ ಇಳಿಯಬೇಕು. ಎಂದರೆ ಹೊರಡುವ ಧ್ವನಿಯ ಶಕ್ತಿ ಹತ್ತನೇ ಒಂದು ಪಾಲಿಗೆ ಬರಬೇಕು. ಶಕ್ತಿಯನ್ನು ಅರ್ಧ ಮಾಡಿದರೆ ಇಳಿಯುವುದು ಬರೀ 3 ಡೆಸಿಬಲ್, ಕೇಳುವವರಿಗೆ ಅದು ಏನೋ ತುಸು ವ್ಯತ್ಯಾಸ. ತಿರುಗಿಸಿದವರಿಗೆ ‘ಎಷ್ಟೊಂದು ಇಳಿಸಿದೆ’ ಎನ್ನಿಸಿರುತ್ತದೆ, ಆಚೆ ಕುಳಿತವರಿಗೆ ಇನ್ನೂ ಜೋರೇ. ಬರವಣಿಗೆಗೆ ಡೆಸಿಬಲ್ ಮಾಪಕ ಇಲ್ಲ, ಆದರೆ ಇತರರ ಬರಹ ತಿದ್ದುತ್ತ ಬಂದ ನನ್ನ ಅನುಭವ ಇದಕ್ಕಿಂತ ದೂರವೇನಲ್ಲ. ‘ಒಂದಿಷ್ಟು ಇಳಿಸಿ’ ಎಂದರೆ ನಿಮಗೆ ಸಾಕು ಅನ್ನಿಸಿದ್ದಕ್ಕಿಂತ ಹೆಚ್ಚು ಇಳಿಸಿ.

ಇನ್ನು ನಿಮ್ಮ ಸಹೋದ್ಯೋಗಿ ಹೇಳಿದ ‘ನಾಚ್’. ಮರದ ತುಂಡಿನಲ್ಲಿ ಚಾಕುವಿನಿಂದ ಕೊಯ್ದ ಸಣ್ಣ ಗುರುತು ಅದು. ಕನ್ನಡದಲ್ಲಿ ಅದಕ್ಕೆ ‘ಕಚ್ಚು’ ಎಂಬ ಒಳ್ಳೆಯ ಪದವಿದೆ. ಎಣಿಕೆ ಇಡಲು ಕೋಲಿಗೆ ಕಚ್ಚು ಹಾಕುವುದು ಹಳೆಯ ಕ್ರಮ. 18ನೆಯ ಶತಮಾನದ ಇಂಗ್ಲೆಂಡಿನ ಕ್ರಿಕೆಟ್‌ನಲ್ಲಿ ರನ್ನುಗಳನ್ನು ಕೋಲಿನ ಮೇಲೆ ಹೀಗೆಯೇ ಕೊಯ್ದು ಗುರುತಿಸುತ್ತಿದ್ದರು, ರನ್ನಿಗೆ ‘ನಾಚ್’ ಎಂದೇ ಕರೆಯುತ್ತಿದ್ದರು. ‘ಸ್ಕೋರ್’ ಎಂಬ ಪದದ ಮೂಲಾರ್ಥವೂ ಕೊಯ್ದ ಗೆರೆಯೇ. ಪದದ ಹುಟ್ಟು ಇನ್ನೂ ಸ್ವಾರಸ್ಯಕರ. ಫ್ರೆಂಚಿನಿಂದ ಬರುವಾಗ ಇದು ‘ಆಚ್’ ಎಂಬಂತೆ ಸ್ವರದಿಂದ ಶುರುವಾಗುವ ಪದವಾಗಿತ್ತು. ಅದರ ಹಿಂದೆ ಬರುವ, ‘ಒಂದು’ ಎಂಬರ್ಥದ ‘ಆ್ಯನ್’ನ ಕೊನೆಯ ನಕಾರ ಪದಕ್ಕೇ ಅಂಟಿಕೊಂಡು ‘ನಾಚ್’ ಆಯಿತು. ಸಂಧಿ ಮಾಡಿದವರು ಬಿಡಿಸುವಾಗ ತಪ್ಪು ಜಾಗದಲ್ಲಿ ಬಿಡಿಸಿದರು ಎನ್ನಿ. ಸಂಧಿ ಬಿಡಿಸುವ ಪ್ರಶ್ನೆಗೆ ಶಾಲೆಯಲ್ಲಿ ಅಂಕ ಕಳೆದುಕೊಂಡವರಿಗೆ ಇದು ಸಮಾಧಾನ ತಂದೀತು.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಚ್ಚುಗಳಿರುವ ಅಳತೆಯಲ್ಲಿ ಒಂದು ಕಚ್ಚು ಕೆಳಗೆ ಬನ್ನಿ ಎಂಬುದು ‘ಟೇಕ್ ಇಟ್ ಡೌನ್ ಎ ನಾಚ್’ ಎಂಬುದರ ಅರ್ಥ. ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ, ಆದರೆ ಪೂರ್ತಿ ಸರಿಯಲ್ಲ. ಅರ್ಥ ಒಂದೇ ಇದ್ದರೂ ತಗಲುವ ಜಾಗ ಬೇರೆ. ‘ಡಯಲ್ ಇಟ್ ಬ್ಯಾಕ್’ ಎಂಬುದನ್ನು ಯೋಜನೆಗೆ, ಬರಹಕ್ಕೆ, ಖರ್ಚಿಗೆ ಹೇಳಬಹುದು. ಅದರ ಕಣ್ಣು ಕೆಲಸದ ಮೇಲಿರುತ್ತದೆ. ‘ಟೇಕ್ ಇಟ್ ಡೌನ್ ಎ ನಾಚ್’ ಎಂಬುದನ್ನು ಸಾಮಾನ್ಯವಾಗಿ ಎದುರಿಗಿರುವವರ ವರ್ತನೆಗೆ ಹೇಳುತ್ತಾರೆ: ದನಿ ಏರಿಸಿದವರಿಗೆ, ತಮಾಷೆ ಅತಿಯಾದವರಿಗೆ. ಸ್ನೇಹಿತರ ನಡುವೆ ನಗುತ್ತ ಹೇಳಿದರೆ ನಡೆಯುತ್ತದೆ. ಮುಖ ಗಂಟಿಕ್ಕಿ ಹೇಳಿದರೆ ‘ಸಾಕು ನಿನ್ನ ಆಟ’ ಎಂದ ಹಾಗೆ ಕೇಳಿಸುತ್ತದೆ.

ಇಲ್ಲೊಂದು ಹೊಂಡ ಇದೆ, ನಾನೇ ಬಿದ್ದು ನೋಡಿದ್ದೇನೆ. ‘ಇಟ್’ ಇದ್ದ ಜಾಗದಲ್ಲಿ ವ್ಯಕ್ತಿಯನ್ನು ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ. ಅನುವಾದದ ಕೆಲಸಕ್ಕೆ ಹೊಸದಾಗಿ ಸೇರಿದ್ದ ದಿನಗಳಲ್ಲಿ ಒಬ್ಬ ಲೇಖಕರ ಮುನ್ನುಡಿ ತೀರಾ ಆವೇಶದ್ದಾಗಿತ್ತು. ಅದನ್ನು ತುಸು ಮೆದುಗೊಳಿಸೋಣ ಎಂಬರ್ಥದಲ್ಲಿ ಸಂಪಾದಕರಿಗೆ ಇಂಗ್ಲಿಷಿನಲ್ಲಿ ‘ಟೇಕ್ ಇಟ್ ಡೌನ್ ಎ ನಾಚ್’ ಎಂದು ಪತ್ರ ಬರೆದೆ. ‘ಇಟ್’ ಎಂಬುದು ಅಸ್ಪಷ್ಟವಾಯಿತು ಎನ್ನಿಸಿ, ಅದನ್ನು ಹೊಡೆದು ‘ದಿ ಆಥರ್’ ಎಂದು ತಿದ್ದಿದೆ. ಪತ್ರದ ಪ್ರತಿ ಲೇಖಕರಿಗೂ ಹೋಗಿತ್ತು. ಹಾಗೆ ತಿದ್ದಿದ ವಾಕ್ಯದ ಅರ್ಥ ‘ಲೇಖಕರ ಸೊಕ್ಕು ಇಳಿಸೋಣ’ ಎಂದಾಗುತ್ತದೆಂದು ನನಗೆ ತಿಳಿದದ್ದು ಅವರು ಮುನ್ನುಡಿಯನ್ನೇ ಹಿಂದಕ್ಕೆ ಪಡೆದ ಮೇಲೆ. ‘ಟೇಕ್ ಹಿಮ್ ಡೌನ್ ಎ ನಾಚ್’, ಅದರ ಅಣ್ಣ ‘ಟೇಕ್ ಹಿಮ್ ಡೌನ್ ಎ ಪೆಗ್’, ಎರಡೂ ಜಂಬದವರ ಜಂಬ ಮುರಿಯುವ ಮಾತು. ಪೆಗ್ಗಿನ ಮಾತು ತುಂಬ ಹಳೆಯದು, 1589ರ ಮುದ್ರಿತ ಬರಹದಲ್ಲೇ ಇದೆ. ಆ ಪೆಗ್ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹಡಗಿನ ಬಾವುಟ ಏರಿಸುವ ಗೂಟ ಎನ್ನುವವರಿದ್ದಾರೆ, ತಂತಿವಾದ್ಯದ ಬಿರಡೆ ಎನ್ನುವವರೂ ಇದ್ದಾರೆ. ನನ್ನ ಒಲವು ಬಿರಡೆಯ ಕಡೆಗೆ. ಸಾಕ್ಷ್ಯಕ್ಕಿಂತ ಚಿತ್ರದ ಚೆಂದಕ್ಕೆ ಸೋತು ಹಾಗೆ ಹೇಳುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ.

ಸ್ವಾರಸ್ಯವೆಂದರೆ ಕನ್ನಡದಲ್ಲೂ ಇದೇ ಹೊಂಡ ಇದೇ ಜಾಗದಲ್ಲಿದೆ. ‘ದನಿ ತಗ್ಗಿಸಿ’ ಎಂದರೆ ದನಿಯ ಮಾತು. ‘ನೀವು ಸ್ವಲ್ಪ ತಗ್ಗಿ’ ಎಂದರೆ ವ್ಯಕ್ತಿಯ ಬಗೆಗಿನ ಮಾತು. ತಗ್ಗಿಬಗ್ಗಿ ನಡೆಯಿರಿ ಎಂದ ಹಾಗಾಯಿತು. ‘ತಲೆ ತಗ್ಗಿಸು’ ಎಂದಾಗಲಂತೂ ಅವಮಾನವೇ ಬಂದು ಕೂರುತ್ತದೆ. ‘ಇಳಿಸು’ವಿನ ಕಥೆಯೂ ಹಾಗೆಯೇ. ಕಾವು ಇಳಿಸಬಹುದು, ಶ್ರುತಿ ಇಳಿಸಬಹುದು. ಕೊಬ್ಬು ಇಳಿಸುತ್ತೇನೆ ಎಂದರೆ ಜಗಳ. ಎರಡು ಭಾಷೆಗಳೂ ಒಂದೇ ಗೆರೆ ಎಳೆದಿವೆ. ವಸ್ತುವನ್ನು ಇಳಿಸಿದರೆ ಸಲಹೆ, ಮನುಷ್ಯನನ್ನು ಇಳಿಸಿದರೆ ಅಪಮಾನ. ನಿಮ್ಮ ಮುಖ್ಯಸ್ಥರು ಗೆರೆಯ ಈಚೆಯೇ ನಿಂತು ಮಾತಾಡಿದ್ದಾರೆ. ಅದಕ್ಕೇ ಅದು ಬೈಗುಳವಲ್ಲ ಎಂದು ಅಷ್ಟು ಧೈರ್ಯದಿಂದ ಹೇಳಿದೆ.

ಇದೇ ಬಳಗದ ಬೇರೆ ಮಾತುಗಳೂ ನಿಮ್ಮ ಕಿವಿಗೆ ಬೀಳುತ್ತವೆ. ಅವುಗಳಲ್ಲಿ ನನಗೆ ಪ್ರೀತಿಯದು ‘ಟೋನ್ ಡೌನ್’. ಭಾಷೆಯ ಕಟುತ್ವಕ್ಕೆ, ಬಣ್ಣದ ಗಾಢತೆಗೆ ಇದನ್ನು ಹೇಳುತ್ತಾರೆ. ‘ಟೋನ್’ ಬಂದದ್ದು ಗ್ರೀಕ್‌ನ ‘ತೋನೋಸ್’ನಿಂದ; ಅದರ ಅರ್ಥ ಎಳೆತ, ಬಿಗಿತ. ತಂತಿಯನ್ನು ಎಷ್ಟು ಎಳೆದು ಕಟ್ಟಿದ್ದೀರಿ ಎಂಬುದೇ ಸ್ವರ. ಸಂಸ್ಕೃತದಲ್ಲಿ ‘ತನ್’ ಎಂದರೂ ಎಳೆ, ಹಿಗ್ಗಿಸು ಎಂದೇ ಅರ್ಥ. ಅದರಿಂದ ತಾನ, ತಂತು, ತಂತ್ರಿ ಹುಟ್ಟಿದವು; ತಂತ್ರಿ ಕನ್ನಡದ ಬಾಯಲ್ಲಿ ತಂತಿಯಾಯಿತು. ಗ್ರೀಕ್ ಪದ, ಸಂಸ್ಕೃತ ಪದ ಎರಡೂ ಒಂದೇ ಬೇರಿನ ಚಿಗುರುಗಳು. ತೀವ್ರ ಎಂಬರ್ಥದ ಇಂಗ್ಲಿಷಿನ ‘ಇಂಟೆನ್ಸ್’ ಕೂಡ ಲ್ಯಾಟಿನ್ನಿನ ದಾರಿಯಿಂದ ಬಂದ ಅದೇ ಬೇರಿನದು. ಅದರ ಮೂಲಾರ್ಥ ‘ಎಳೆದು ಬಿಗಿಮಾಡಿದ’. ತೀವ್ರತೆ ಎಂದರೆ ಬಿಗಿತ, ತೀವ್ರತೆ ಇಳಿಸುವುದೆಂದರೆ ಸಡಿಲಿಸುವುದು: ಈ ಕಲ್ಪನೆ ಇಂಗ್ಲಿಷರ ಸ್ವತ್ತಲ್ಲ. ‘ಪರಿಸ್ಥಿತಿ ಬಿಗುವಾಗಿದೆ’ ಎನ್ನುವ ಪತ್ರಿಕೆಯೇ ‘ಬಿಗುವಿನ ವಾತಾವರಣ ಸಡಿಲಗೊಂಡಿತು’ ಎಂದೂ ಬರೆಯುತ್ತದೆ. ಜಗಳ ‘ತಾರಕಕ್ಕೇರಿತು’ ಎನ್ನುವಾಗಲಂತೂ ನಾವು ಸಂಗೀತದ ಸ್ಥಾಯಿಯನ್ನೇ ಹಿಡಿದು ಮಾತಾಡುತ್ತಿರುತ್ತೇವೆ.

ಪಿಯಾನೊದಿಂದ ಬಂದದ್ದು ‘ಸಾಫ್ಟ್ ಪೆಡಲ್’. ಎಡಗಾಲಿನ ಪೆಡಲ್ ಒತ್ತಿದರೆ ದೊಡ್ಡ ಪಿಯಾನೊದ ಸುತ್ತಿಗೆಗಳು ತುಸು ಪಕ್ಕಕ್ಕೆ ಸರಿದು ಮೂರು ತಂತಿಗಳ ಬದಲು ಎರಡಕ್ಕೆ ಮಾತ್ರ ಬಡಿಯುತ್ತವೆ, ಸ್ವರ ಮೆತ್ತಗಾಗುತ್ತದೆ. ಮುಜುಗರದ ವಿಷಯವನ್ನು ಯಾರಾದರೂ ಮೆತ್ತಗೆ ದಾಟಿಸಿದರೆ ಸಾಫ್ಟ್ ಪೆಡಲ್ ಮಾಡಿದರು ಎನ್ನುತ್ತಾರೆ. ಅದರಲ್ಲಿ ಸಣ್ಣ ಆಕ್ಷೇಪ ಇರುತ್ತದೆ. ‘ಈಸ್ ಆಫ್’ ಹಡಗಿನ ಹಗ್ಗದಿಂದ ಬಂದದ್ದು, ಬಿಗಿದ ಹಗ್ಗವನ್ನು ಒಮ್ಮೆಗೇ ಬಿಡದೆ ಮೆಲ್ಲಮೆಲ್ಲನೆ ಸಡಿಲಿಸುವುದು. ‘ಪೈಪ್ ಡೌನ್’ ಕೂಡ ಹಡಗಿನದೇ: ದಿನದ ಕೊನೆಗೆ ಸೀಟಿ ಊದಿ ನಾವಿಕರನ್ನು ಸದ್ದಡಗಿಸಿ ಕೆಳಗೆ ಕಳುಹಿಸುತ್ತಿದ್ದ ಸಂಜ್ಞೆ. ಅದನ್ನು ಗಲಾಟೆ ಮಾಡುವ ಮಕ್ಕಳಿಗೆ ಹೇಳಬಹುದು, ದೊಡ್ಡವರಿಗೆ ಹೇಳಿದರೆ ‘ಬಾಯಿ ಮುಚ್ಚು’ ಎಂದ ಹಾಗೆ. ‘ಸಿಮ್ಮರ್ ಡೌನ್’ ಒಲೆಯ ಮಾತು. ಕೊತಕೊತ ಕುದಿಯುವುದನ್ನು ಕುದಿಯ ಅಂಚಿಗೆ ಇಳಿಸುವುದು. ‘ಲೆಟ್ ಅಪ್’ ಎಂಬುದನ್ನು ಆಜ್ಞೆಯಾಗಿ ಬಳಸುವುದು ಕಡಿಮೆ. ಮಳೆ, ಗಾಳಿ, ನೋವು, ಒತ್ತಡ ತಾವಾಗಿ ಇಳಿಮುಖವಾದಾಗ ಹೇಳುವ ಮಾತು ಅದು. ಅದಕ್ಕೆ ಸರಿಸಮನಾಗಿ ಕನ್ನಡದಲ್ಲಿ ‘ಮಳೆ ಹೊಳವಾಯಿತು’ ಎಂಬ ಸುಂದರವಾದ ಮಾತಿದೆ, ಬಳಸುವವರು ಕಡಿಮೆಯಾಗುತ್ತಿದ್ದಾರೆ.

ನೆಂಟರ ಹಾಗೆ ಕಾಣಿಸಿದರೂ ನೆಂಟರಲ್ಲದ ಮೂರು ಮಾತುಗಳ ಬಗ್ಗೆ ಎಚ್ಚರವಿರಲಿ. ‘ಬ್ಯಾಕ್ ಆಫ್’ ಎಂದರೆ ‘ದೂರ ಸರಿ’, ಅದು ಬೆದರಿಕೆಯ ದನಿ. ‘ವಾಕ್ ಬ್ಯಾಕ್’ ಎಂದರೆ ಆಡಿದ ಮಾತನ್ನು ಮೆಲ್ಲಗೆ ನುಂಗಿಕೊಳ್ಳುವುದು. ‘ವಾಟರ್ ಡೌನ್’ ಎಂದರೆ ನೀರು ಬೆರೆಸುವುದು, ಎಂದರೆ ಸತ್ವ ಕೆಡಿಸುವುದು. ಪ್ರಸ್ತಾವವನ್ನು ಡಯಲ್ ಬ್ಯಾಕ್ ಮಾಡಿ ಎಂದವರಿಗೆ ನೀವು ‘ವಾಟರ್ ಡೌನ್ ಮಾಡಿದ್ದೇನೆ’ ಎಂದರೆ, ನಿಮ್ಮ ಕೆಲಸವನ್ನು ನೀವೇ ಹಾಳು ಮಾಡಿದೆ ಎಂದು ಒಪ್ಪಿಕೊಂಡಂತೆ.

ಬಳಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬಳಸಿ, ಆದರೆ ಮೊದಲು ನಿಮ್ಮ ಮೇಲೆಯೇ ಬಳಸಿ. ‘ನನ್ನ ಭಾಷೆ ಜೋರಾಯಿತು, ಡಯಲ್ ಇಟ್ ಬ್ಯಾಕ್ ಮಾಡುತ್ತೇನೆ’ ಎಂದು ಯಾರ ಮುಂದೆಯೂ ಹೇಳಬಹುದು, ಅದರಿಂದ ಯಾರಿಗೂ ನೋವಿಲ್ಲ. ಮೇಲಿನವರಿಗೆ ಹೇಳುವಾಗ ‘ಲೆಟ್ಸ್’ ಇಲ್ಲದೆ ಹೇಳಬೇಡಿ. ‘ನಾವು’ ಎಂದು ಸೇರಿಸಿಕೊಂಡರೆ ಗುಂಡಿ ಇಬ್ಬರ ಕೈಯಲ್ಲೂ ಇರುತ್ತದೆ. ‘ನೀವು’ ಎಂದರೆ ಅವರ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಸಿಟ್ಟಿನಲ್ಲಿರುವವರಿಗೆ ಈ ಬಳಗದ ಯಾವ ಮಾತನ್ನೂ ಹೇಳಬೇಡಿ. ‘ಸಮಾಧಾನ ಮಾಡಿಕೊಳ್ಳಿ’ ಎಂಬ ಮಾತು ಕೇಳಿ ಸಮಾಧಾನ ಮಾಡಿಕೊಂಡವರನ್ನು ನಾನು ಯಾವ ಭಾಷೆಯಲ್ಲೂ ಕಂಡಿಲ್ಲ.

ವ್ಯಾಕರಣದಲ್ಲಿ ಒಂದೇ ಒಂದು ಕಟ್ಟುನಿಟ್ಟು ಇದೆ. ‘ಇಟ್’ ಇದ್ದರೆ ಅದು ಡಯಲ್‌ಗೂ ಬ್ಯಾಕ್‌ಗೂ ನಡುವೆಯೇ ಕೂರಬೇಕು. ‘ಡಯಲ್ ಬ್ಯಾಕ್ ಇಟ್’ ಎಂದರೆ ಕಿವಿಗೆ ಕಲ್ಲು ತಗುಲಿದ ಹಾಗೆ. ಪೂರ್ತಿ ನಾಮಪದವಾದರೆ ನಡುವೆಯೂ ಇಡಬಹುದು, ಕೊನೆಗೂ ಇಡಬಹುದು. ಭೂತಕಾಲದ ರೂಪದಲ್ಲಿ ಅಮೆರಿಕದವರು ಒಂದು ‘ಎಲ್’ ಬರೆಯುತ್ತಾರೆ, ಬ್ರಿಟಿಷರು ಎರಡು. ನಿಮ್ಮ ಮುಖ್ಯಸ್ಥರಿಗೆ ಒಂದು ಸಾಕು.

ಕೊನೆಯ ಪ್ರಶ್ನೆ, ಕನ್ನಡದಲ್ಲಿ ಏನೆನ್ನಬೇಕು. ಒಂದೇ ಪದ ಹುಡುಕಬೇಡಿ, ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷ್ ‘ಇಟ್’ ಎಂದು ತೇಲಿಸಿ ಕ್ರಿಯಾಪದ ಒಂದನ್ನೇ ಇಟ್ಟುಕೊಳ್ಳುತ್ತದೆ. ಕನ್ನಡ ಇಳಿಯಬೇಕಾದ ವಸ್ತುವನ್ನು ಹೆಸರಿಟ್ಟು ಕರೆದು, ಆ ವಸ್ತುವಿಗೆ ಒಪ್ಪುವ ಕ್ರಿಯಾಪದವನ್ನು ಕೊಡುತ್ತದೆ. ದನಿಯನ್ನು ತಗ್ಗಿಸುತ್ತೇವೆ, ಉರಿಯನ್ನು ಸಣ್ಣ ಮಾಡುತ್ತೇವೆ, ಬಿಗಿಯನ್ನು ಸಡಿಲಿಸುತ್ತೇವೆ. ಬಣ್ಣ ತಿಳಿಯಾಗುತ್ತದೆ, ಮಾತು ಮೆತ್ತಗಾಗುತ್ತದೆ, ಸಿಟ್ಟು ತಣಿಯುತ್ತದೆ, ಜ್ವರ ಇಳಿಯುತ್ತದೆ, ಗಾಳಿಯ ಬಿರುಸು ಕುಗ್ಗುತ್ತದೆ, ಅಬ್ಬರ ಅಡಗುತ್ತದೆ. ಉರಿಯನ್ನು ಯಾರೂ ತಣಿಸುವುದಿಲ್ಲ, ಸಿಟ್ಟನ್ನು ಯಾರೂ ಸಣ್ಣ ಮಾಡುವುದಿಲ್ಲ. ಅನುವಾದಕರು ಎಡವುವುದು ಇಲ್ಲೇ. ‘ಇಟ್’ ಏನೆಂದು ಕೇಳಿಕೊಳ್ಳದೆ ‘ಅದನ್ನು ಕಡಿಮೆ ಮಾಡಿ’ ಎಂದು ಬರೆದು ಮುಂದೆ ಹೋಗುತ್ತಾರೆ. ಓದುಗರಿಗೆ ಉಪ್ಪೋ ಸಿಟ್ಟೋ ತಿಳಿಯುವುದಿಲ್ಲ.

ಸುದ್ದಿಮನೆಯವರಿಗೆ ಇನ್ನೊಂದು ಚಟವಿದೆ. ಇಳಿಸುವುದು ಎಂಬರ್ಥ ಬಂದಲ್ಲೆಲ್ಲ ‘ಕಡಿವಾಣ ಹಾಕು’ ಎಂದು ಬರೆಯುವುದು. ಎರಡು ದೇಶಗಳ ನಾಯಕರು ತಮ್ಮ ತಮ್ಮ ಮಾತಿನ ಬಿರುಸನ್ನು ತಾವೇ ತಗ್ಗಿಸಿಕೊಂಡರು ಎಂಬ ಸುದ್ದಿಗೆ ‘ವಾಗ್ಯುದ್ಧಕ್ಕೆ ಕಡಿವಾಣ’ ಎಂಬ ತಲೆಬರಹ ಬರುತ್ತದೆ. ಕಡಿವಾಣವನ್ನು ಕುದುರೆ ತಾನೇ ಹಾಕಿಕೊಳ್ಳುವುದಿಲ್ಲ, ಇನ್ನೊಬ್ಬರು ಹಾಕುತ್ತಾರೆ. ಡಯಲ್ ಬ್ಯಾಕ್ ಎಂಬುದರ ಜೀವವೇ ತನ್ನ ಗುಂಡಿಯನ್ನು ತಾನೇ ತಿರುಗಿಸಿಕೊಳ್ಳುವುದರಲ್ಲಿದೆ. ‘ಹಿಂದೆ ಸರಿದರು’, ‘ತಣ್ಣೀರೆರಚಿದರು’ ಎಂಬವೂ ಇಲ್ಲಿಗೆ ಸಲ್ಲ. ಮೊದಲನೆಯದರಲ್ಲಿ ಕೆಲಸವನ್ನೇ ಬಿಟ್ಟರು, ಎರಡನೆಯದರಲ್ಲಿ ಇನ್ನೊಬ್ಬರ ಉತ್ಸಾಹ ಕೆಡಿಸಿದರು. ‘ಮಾತಿನ ಬಿರುಸು ತಗ್ಗಿಸಿದ ನಾಯಕರು’ ಎಂದರೆ ಸಾಕಿತ್ತು, ತಲೆಬರಹಕ್ಕೆ ಜಾಗವೂ ಹೆಚ್ಚೇನೂ ಬೇಡ.

ಎದುರಿಗಿರುವವರಿಗೇ ಹೇಳಬೇಕಾಗಿ ಬಂದಾಗ ಕನ್ನಡ ಹಿಡಿಯುವ ದಾರಿ ಇನ್ನೂ ನಾಜೂಕು. ನಾವು ಇಳಿಸಿ ಎಂದು ಆಜ್ಞೆ ಕೊಡುವುದೇ ಇಲ್ಲ. ‘ಕೊಂಚ ಹೆಚ್ಚಾಯಿತೇನೋ’ ಎನ್ನುತ್ತೇವೆ. ಹೆಚ್ಚಾದದ್ದು ಯಾರಿಂದ, ಕಡಿಮೆ ಮಾಡಬೇಕಾದವರು ಯಾರು ಎಂಬುದನ್ನು ಕೇಳಿದವರ ವಿವೇಕಕ್ಕೆ ಬಿಡುತ್ತೇವೆ. ಆ ‘ಏನೋ’ ಎಂಬ ಎರಡಕ್ಷರ ಇಂಗ್ಲಿಷಿನ ‘ಲೆಟ್ಸ್’ ಮತ್ತು ‘ಎ ಲಿಟ್ಲ್’ ಎರಡರ ಕೆಲಸವನ್ನೂ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ನಿಮ್ಮ ಮುಖ್ಯಸ್ಥರು ಕನ್ನಡಿಗರಾಗಿದ್ದರೆ ‘ಚೆನ್ನಾಗಿದೆ, ಕೊಂಚ ಜೋರಾಯಿತೇನೋ’ ಎಂದಿರುತ್ತಿದ್ದರು. ನೀವು ಕರೆಗಾಗಿ ಕಾಯುತ್ತಿರಲಿಲ್ಲ.

ಈಗ ಅವರಿಗೆ ಉದ್ದನೆಯ ವಿವರಣೆ, ಕ್ಷಮಾಪಣೆ ಏನೂ ಬೇಡ. ತಿದ್ದಿದ ಪ್ರಸ್ತಾವದ ಜೊತೆಗೆ ಒಂದೇ ಸಾಲು ಬರೆಯಿರಿ, ಹೇಳಿದಂತೆ ಇಳಿಸಿದ್ದೇನೆ, ನೋಡಿ ಎಂದು. ನೀವು ಕಳುಹಿಸಿದ ಪುಟದ ಅಡಿಯಲ್ಲಿ, ನಿಮ್ಮ ಹೆಸರಿನ ಮೇಲಿನ ‘ಧನ್ಯವಾದಗಳು’ ಎಂಬುದರ ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆಗಳಿವೆ. ಕಳುಹಿಸುವ ಮೊದಲು ಅವನ್ನೂ ತೆಗೆಯಿರಿ.